ಹುಳು ಮನೆಯಿಂದ ನಂದಿ ದೇವಸ್ಥಾನದವರೆಗೆ: 6ರಿಂದ 8ನೇ ಕ್ಲಾಸ್ ಮಕ್ಕಳ ಕಲಾ ಪ್ರಾಜೆಕ್ಟ್‌ಗಳಿಗೆ ಸಮಗ್ರ ಮಾರ್ಗದರ್ಶಿ

ಶಿಡ್ಲಘಟ್ಟದ ಕಡೆಯ ಒಂದು ಶಾಲೆಯಲ್ಲಿ ನಾನು ಡ್ರಾಯಿಂಗ್ ಟೀಚರ್. ಕೆಲವು ವರ್ಷದ ಹಿಂದೆ 7ನೇ ಕ್ಲಾಸಿನ ಒಬ್ಬ ಹುಡುಗಿ ರೇಷ್ಮೆ ಹುಳುವಿನ ಜೀವನಚಕ್ರದ ಪ್ರಾಜೆಕ್ಟ್ ತಂದಳು. ದೊಡ್ಡ ಚಾರ್ಟ್ ಶೀಟ್. ಅಂಚಿಗೆ ಮಿನುಗುವ ಟೇಪ್. ಮಧ್ಯೆ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ ಅಂಟಿಸಿದ ನಾಲ್ಕು ಬಣ್ಣದ ಚಿತ್ರ. ನೋಡೋದಕ್ಕೆ ಚೆನ್ನಾಗೇ ಇತ್ತು. "ಹುಳುವಿಗೆ ಎಷ್ಟು ಕಾಲಮ್ಮಾ?" ಅಂತ ಕೇಳಿದೆ. ಅವಳು ತಿರುಗಿ ಚಾರ್ಟ್ ನೋಡಿದಳು. ಚಿತ್ರದಲ್ಲಿ ಕಾಲು ಸರಿಯಾಗಿ ಕಾಣುತ್ತಿರಲಿಲ್ಲ. ಅವತ್ತು ಅವಳ ಮನೆಯಲ್ಲಿ ಸಾವಿರಾರು ಹುಳು ಹಿಪ್ಪುನೇರಳೆ ಸೊಪ್ಪು ತಿನ್ನುತ್ತಿದ್ದವು. ಬೆಳಿಗ್ಗೆ ಶಾಲೆಗೆ ಬರುವ ಮುಂಚೆ ಅವಳೇ ಸೊಪ್ಪು ಹಾಕಿ ಬಂದಿದ್ದಳು.

ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ತಪ್ಪು ನನ್ನದು. "ಚಾರ್ಟ್ ಮಾಡಿಕೊಂಡು ಬನ್ನಿ" ಅಂತ ಹೇಳಿದವಳು ನಾನೇ. ಚಾರ್ಟ್ ಕೇಳಿದರೆ ಚಾರ್ಟೇ ಬರುತ್ತದೆ, ಅಲ್ವಾ? ಅವತ್ತಿಂದ ನಾನು ಕೇಳುವ ರೀತಿ ಬದಲಾಯಿಸಿದೆ. ದುಡ್ಡು ಕೊಟ್ಟು ತರಲು ಆಗದಂಥ, ಅಪ್ಪ ಅಮ್ಮ ರಾತ್ರಿ ಕೂತು ಮಾಡಿಕೊಡಲು ಆಗದಂಥ ಕೆಲಸ ಕೊಡಬೇಕು. ಮಗು ತನ್ನ ಕಣ್ಣಲ್ಲಿ ನೋಡಿದ್ದು, ತನ್ನ ಕೈಯಲ್ಲಿ ಮುಟ್ಟಿದ್ದು ಹಾಳೆ ಮೇಲೆ ಬರಬೇಕು. ಹಾಗೆ ಮಾಡಿಸಿ ನೋಡಿದ ಕೆಲಸಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಕಡೆಯ ಟೀಚರ್‌ಗಳಿಗೂ ತಂದೆ ತಾಯಿಗೂ ನೇರವಾಗಿ ಉಪಯೋಗಕ್ಕೆ ಬರುತ್ತದೆ.

ಮೊದಲು ಸಾಮಾನು ಮತ್ತು ಸಮಯ

ಸಾಮಾನಿನ ಪಟ್ಟಿ ಚಿಕ್ಕದು. ಗೆರೆ ಇಲ್ಲದ 100 ಪುಟದ ನೋಟ್‌ಬುಕ್ ಒಂದು. 2ಬಿ ಅಥವಾ 4ಬಿ ಪೆನ್ಸಿಲ್ ಒಂದು. ಹಳೆ ಕ್ಯಾಲೆಂಡರ್ ಹಾಳೆ ಎಷ್ಟು ಸಿಕ್ಕರೆ ಅಷ್ಟು. ಅದರ ಹಿಂಬದಿ ದಪ್ಪವಾಗಿ, ಬಿಳಿಯಾಗಿ ಇರುತ್ತದೆ. ಹಿಂಬದಿ ತುಂಬಾ ನುಣುಪಾಗಿದ್ದರೆ ಮಾತ್ರ ನೀರು ಬಣ್ಣ ಹಿಡಿಯುವುದಿಲ್ಲ, ಅಂಥದ್ದನ್ನು ಪೆನ್ಸಿಲ್ ಕೆಲಸಕ್ಕೆ ಇಟ್ಟುಕೊಳ್ಳಿ. ಹಳೆ ಮದುವೆ ಕಾರ್ಡು, ರಟ್ಟಿನ ಡಬ್ಬ, ಐಸ್‌ಕ್ರೀಮ್ ಕಪ್ಪು, ಹರಿದ ಕಾಟನ್ ಪಂಚೆ. ಇಷ್ಟಿದ್ದರೆ ಸಾಕು. ಥರ್ಮಾಕೋಲ್, ಗ್ಲಿಟರ್ ಬೇಡ ಅಂತ ಮೊದಲ ದಿನವೇ ಹೇಳಿಬಿಡಿ.

ಸಮಯದ್ದೇ ಕಷ್ಟ. 40 ನಿಮಿಷದ ಪೀರಿಯಡ್‌ನಲ್ಲಿ ಹತ್ತು ನಿಮಿಷ ಸಾಮಾನು ಹಂಚೋದಕ್ಕೆ, ಹತ್ತು ನಿಮಿಷ ತೊಳೆಯೋದಕ್ಕೆ ಹೋಗುತ್ತದೆ. ಹೆಡ್‌ಮಾಸ್ಟರ್ ಹತ್ತಿರ ಮಾತಾಡಿ ವಾರಕ್ಕೆ ಒಂದು ಸಲ ಎರಡು ಪೀರಿಯಡ್ ಒಟ್ಟಿಗೆ ತೆಗೆದುಕೊಳ್ಳಿ. ಬ್ಯಾಗ್ ಇಲ್ಲದ ಸಂಭ್ರಮ ಶನಿವಾರ ಮಣ್ಣಿನ ಕೆಲಸಕ್ಕೂ ಹೊರಗೆ ಹೋಗುವುದಕ್ಕೂ ಚೆನ್ನಾಗಿ ಹೊಂದುತ್ತದೆ.

ಹುಳುವಿನ ಡೈರಿ

ನಾನು ಮೊದಲು ಕೊಡುವ ಕೆಲಸ ಇದು. ಸುಮಾರು 3 ವಾರದ ಪ್ರಾಜೆಕ್ಟ್. ದಿನಕ್ಕೆ ಹತ್ತೇ ನಿಮಿಷ.

ಈಗ ಹೆಚ್ಚಿನ ಮನೆಗಳಲ್ಲಿ ಮೊಟ್ಟೆಯಿಂದ ಸಾಕುವುದಿಲ್ಲ. ಮರಿಹುಳು ಸಾಕಿ ಕೊಡುವ ಚಾಕಿ ಕೇಂದ್ರದಿಂದ ಎರಡನೇ ಜ್ವರ ಎದ್ದ ಹುಳು ತರುತ್ತಾರೆ. ಜ್ವರ ಅಂದರೆ ಕಾಯಿಲೆ ಅಲ್ಲ, ಹುಳು ತಿನ್ನುವುದು ಬಿಟ್ಟು ಚರ್ಮ ಕಳಚುವ ಹಂತ. ಹಾಗಾಗಿ ಡೈರಿ ಅಲ್ಲಿಂದ ಶುರುವಾಗಿ ಗೂಡು ಬಿಡಿಸುವ ದಿನ ಮುಗಿಯುತ್ತದೆ.

ಒಂದು ಎಚ್ಚರಿಕೆ ಮೊದಲು ಹೇಳಬೇಕು. ಇಡೀ ಕ್ಲಾಸನ್ನು ಯಾರದೋ ಹುಳು ಮನೆಗೆ ನುಗ್ಗಿಸಬೇಡಿ. ಹೊರಗಿನವರ ಕಾಲಲ್ಲಿ ರೋಗ ಬರುತ್ತದೆ ಅನ್ನೋದು ರೈತರಿಗೆ ಚೆನ್ನಾಗಿ ಗೊತ್ತು, ಅದಕ್ಕೇ ಬಾಗಿಲಲ್ಲಿ ಸುಣ್ಣ ಹಾಕಿರುತ್ತಾರೆ. ಆ ಮನೆಯ ಮಗುವೇ ನಾಲ್ಕೈದು ಹುಳುವನ್ನು ರಟ್ಟಿನ ಡಬ್ಬದಲ್ಲಿ ಸೊಪ್ಪಿನ ಸಮೇತ ಶಾಲೆಗೆ ತರಲಿ. ಡಬ್ಬಕ್ಕೆ ಗಾಳಿ ಆಡಲು ತೂತು ಇರಲಿ. ಬಂದ ಹುಳು ಮತ್ತೆ ಹುಳು ಮನೆಗೆ ವಾಪಸ್ ಹೋಗಬಾರದು, ಶಾಲೆಯಲ್ಲೇ ಗೂಡು ಕಟ್ಟಲಿ. ಬಣ್ಣ ಮುಟ್ಟಿದ ಕೈಯಲ್ಲಿ ಸೊಪ್ಪು ಹಾಕಬಾರದು. ಸೊಳ್ಳೆ ಬತ್ತಿ ಹತ್ತಿರದಲ್ಲಿ ಇರಬಾರದು. ಔಷಧಿ ಹೊಡೆದ ತೋಟದ ಸೊಪ್ಪು ಅಂತೂ ಬೇಡವೇ ಬೇಡ.

ಮೊದಲ ದಿನ ರಬ್ಬರ್ ಕಿತ್ತುಕೊಳ್ಳಿ. ಇದು ಮುಖ್ಯ. ನಮ್ಮ ಮಕ್ಕಳು ಗೆರೆ ಎಳೆಯೋದಕ್ಕಿಂತ ಅಳಿಸೋದೇ ಜಾಸ್ತಿ. ಐದು ನಿಮಿಷ ಹಾಳೆ ನೋಡದೆ, ಹುಳುವನ್ನೇ ನೋಡುತ್ತಾ, ಪೆನ್ಸಿಲ್ ಎತ್ತದೆ ಅದರ ಅಂಚನ್ನು ಎಳೆಯಲಿ. ಚಿತ್ರ ಸೊಟ್ಟ ಬರುತ್ತದೆ. ಬರಲಿ. ಕಣ್ಣು ಹೋದ ಹಾಗೆ ಕೈ ಹೋಗುವುದನ್ನು ಕಲಿಯುವ ಅಭ್ಯಾಸ ಇದು. ಆಮೇಲೆ ಇನ್ನೈದು ನಿಮಿಷ, ಹಾಳೆಯನ್ನೂ ನೋಡಿಕೊಂಡು ಇನ್ನೊಂದು ಚಿತ್ರ.

ಎರಡನೇ ದಿನದಿಂದ ಪ್ರತಿ ಪುಟದಲ್ಲಿ ಮೂರು ವಿಷಯ ಇರಬೇಕು: ಹುಳು ಇರುವಷ್ಟೇ ಉದ್ದದ ಒಂದು ಚಿತ್ರ, ಅದರ ಯಾವುದಾದರೂ ಒಂದು ಭಾಗವನ್ನು ಹತ್ತು ಪಟ್ಟು ದೊಡ್ಡದು ಮಾಡಿ ಇನ್ನೊಂದು ಚಿತ್ರ, ಕೆಳಗೆ ಒಂದು ಸಾಲು ಬರಹ. ಆ ಸಾಲಿನಲ್ಲಿ "ಹುಳು ಚೆನ್ನಾಗಿದೆ" ಅಂತ ಬರೆಯುವ ಹಾಗಿಲ್ಲ. ಇವತ್ತು ಹೊಸದಾಗಿ ಕಂಡದ್ದನ್ನೇ ಬರೆಯಬೇಕು.

ಏನು ಕಾಣುತ್ತದೆ? ಮುಂದೆ ಎದೆಯ ಹತ್ತಿರ ಮೂರು ಜೊತೆ ಚೂಪು ಕಾಲು. ಹೊಟ್ಟೆಯ ಕೆಳಗೆ ನಾಲ್ಕು ಜೊತೆ ದಪ್ಪ ಕಾಲು, ಬಾಲದ ತುದಿಯಲ್ಲಿ ಇನ್ನೊಂದು ಜೊತೆ. ಬಾಲದ ಮೇಲೆ ಒಂದು ಪುಟ್ಟ ಕೊಂಬು. ಎರಡೂ ಪಕ್ಕದಲ್ಲಿ ಸಾಲಾಗಿ ಕಪ್ಪು ಚುಕ್ಕಿ, ಒಂದೊಂದು ಬದಿಗೆ ಒಂಬತ್ತು. ಉಸಿರಾಡುವ ತೂತು ಅವು. ಇದನ್ನೆಲ್ಲ ನೀವು ಮುಂಚೆ ಹೇಳಬೇಡಿ. ಮಕ್ಕಳೇ ಎಣಿಸಿ ಜಗಳ ಆಡಲಿ. ಒಬ್ಬ ಎಂಟು ಅನ್ನುತ್ತಾನೆ, ಇನ್ನೊಬ್ಬಳು ಒಂಬತ್ತು ಅನ್ನುತ್ತಾಳೆ, ಕೊನೆಗೆ ಇಬ್ಬರೂ ಡಬ್ಬದ ಮೇಲೆ ಬಗ್ಗುತ್ತಾರೆ. ಆ ಬಗ್ಗುವುದಕ್ಕೇ ನಾನು ಕಾಯುವುದು.

ಓಡಾಡುವ ಹುಳುವನ್ನು ಬರೆಯುವುದು ಕಷ್ಟ ಅಂತ ಮಕ್ಕಳು ಗೊಣಗುತ್ತಾರೆ. ಜ್ವರಕ್ಕೆ ಕೂರುವ ದಿನ ಹೇಳಿ: "ಇವತ್ತು ನಿಮ್ಮ ದಿನ." ಜ್ವರಕ್ಕೆ ಕೂತ ಹುಳು ಸೊಪ್ಪು ತಿನ್ನುವುದಿಲ್ಲ. ತಲೆ ಎತ್ತಿಕೊಂಡು ಸುಮಾರು ಒಂದು ದಿನ ಅಲ್ಲಾಡದೆ ಕೂರುತ್ತದೆ. ಚರ್ಮ ಬಿಗಿದು ಹೊಳೆಯುತ್ತಿರುತ್ತದೆ. ಮಾಡೆಲ್ ಕೂರಿಸಿ ಬರೆಯುವ ಹಾಗೆ ಎಲ್ಲಾ ಕಡೆಯಿಂದ ಬರೆಯಬಹುದು. ಪೆನ್ಸಿಲ್ ಶೇಡಿಂಗ್ ಕಲಿಸಲು ಇದಕ್ಕಿಂತ ಒಳ್ಳೆ ಸಮಯ ನನಗೆ ಸಿಕ್ಕಿಲ್ಲ. ಕಿಟಕಿಯ ಬೆಳಕು ಒಂದೇ ಕಡೆಯಿಂದ ಬೀಳುವ ಹಾಗೆ ಡಬ್ಬ ಇಡಿ. ಬೆಳಕು ಬಿದ್ದ ಬೆನ್ನನ್ನು ಹಾಳೆಯ ಬಿಳಿಯಾಗೇ ಬಿಟ್ಟು, ಹೊಟ್ಟೆಯ ಕಡೆಗೆ ನಿಧಾನವಾಗಿ ಕಪ್ಪು ಮಾಡುತ್ತಾ ಹೋಗಲಿ. ಜ್ವರ ಎದ್ದ ಮೇಲೆ ಕಳಚಿ ಬಿದ್ದ ಚರ್ಮ ಸಿಕ್ಕರೆ ಪುಟಕ್ಕೆ ಅಂಟಿಸಲಿ.

ನಾಲ್ಕನೇ ಜ್ವರ ಎದ್ದ ಮೇಲೆ ಹುಳು ದಡದಡ ಬೆಳೆಯುತ್ತದೆ. ನಿಜವಾದ ಅಳತೆಯ ಚಿತ್ರ ಪುಟದಿಂದ ಪುಟಕ್ಕೆ ದೊಡ್ಡದಾಗುತ್ತದೆ, ಕೊನೆಗೆ 7 ಸೆಂಟಿಮೀಟರ್ ದಾಟುತ್ತದೆ. ಆಮೇಲೆ ಹಣ್ಣಾಗುತ್ತದೆ. ಮೈ ಪಾರದರ್ಶಕವಾಗಿ ಹಳದಿ ಛಾಯೆ ಬರುತ್ತದೆ. ಗೂಡು ಕಟ್ಟುವಾಗ ತಲೆಯನ್ನು ಎಂಟರ ಆಕಾರದಲ್ಲಿ ಆಡಿಸುತ್ತದೆ. ಅವತ್ತು ಹುಳುವನ್ನು ಬರೆಯೋದು ಬಿಟ್ಟು ಅದರ ಚಲನೆಯನ್ನೇ ಬರೆಯಿಸಿ. ಪೆನ್ಸಿಲ್ ಎತ್ತದೆ ಹಾಳೆ ತುಂಬಾ ಸಣ್ಣ ಸಣ್ಣ ಎಂಟು. ನೋಡ್ತಾ ನೋಡ್ತಾ ಹಾಳೆ ಮೇಲೆ ಒಂದು ಗೂಡು ಕಾಣುತ್ತದೆ. ಮೊದಲ ಸಲ ಇದನ್ನು ಮಾಡಿಸಿದಾಗ ಕ್ಲಾಸಿನಲ್ಲಿ ಪೆನ್ಸಿಲ್ ಸದ್ದು ಬಿಟ್ಟು ಬೇರೆ ಸದ್ದಿರಲಿಲ್ಲ.

ಹುಳು ಸಾಕದ ಊರಾದರೆ ಇದೇ ಡೈರಿಯನ್ನು ಬೇರೆಯದಕ್ಕೆ ಮಾಡಿ. ಶ್ರೀನಿವಾಸಪುರದ ಕಡೆ ಒಂದು ಮಾವಿನ ಗೊಂಚಲು ಹೂವಿನಿಂದ ಕಾಯಿಯವರೆಗೆ. ಕೋಲಾರದಲ್ಲಿ ಒಂದು ಟೊಮೇಟೊ ಗಿಡ. ತಿಪಟೂರಿನಲ್ಲಿ ಮೊಳಕೆ ಬಂದ ತೆಂಗಿನಕಾಯಿ. ಯಾವುದೂ ಇಲ್ಲದಿದ್ದರೆ ಕಪ್ಪಿನಲ್ಲಿ ಹಾಕಿದ ಒಂದು ಅವರೆಕಾಳು.

ಬಣ್ಣ ನಾವೇ ಮಾಡೋಣ

ಇದಕ್ಕೆ ಮೂರು ವಾರ ಇಟ್ಟುಕೊಳ್ಳಿ. ಬಣ್ಣ ಅಂದರೆ ಪುಡಿ ಮತ್ತು ಅಂಟು, ಇಷ್ಟೇ. ಪುಡಿ ಬಣ್ಣ ಕೊಡುತ್ತದೆ, ಅಂಟು ಅದನ್ನು ಹಾಳೆಗೆ ಹಿಡಿಸುತ್ತದೆ. ಇದು ಗೊತ್ತಾದ ಮಗು ದಾರಿಯಲ್ಲಿ ನಡೆಯುವಾಗ ಮಣ್ಣನ್ನೂ ಬೇರೆ ಥರ ನೋಡುತ್ತದೆ.

ಮೊದಲ ವಾರದ ಮನೆಗೆಲಸ: ಪ್ರತಿ ಮಗು ಮೂರು ಜಾಗದ ಮಣ್ಣು ಒಂದೊಂದು ಹಿಡಿ ತರಬೇಕು. ಹೊಲದ್ದು, ಕೆರೆಯದ್ದು, ಗುಡ್ಡದ್ದು. ಪೊಟ್ಟಣದ ಮೇಲೆ ಜಾಗದ ಹೆಸರು ಬರೆದಿರಬೇಕು. ನಮ್ಮ ಕಡೆ ಕೆಮ್ಮಣ್ಣೇ ಜಾಸ್ತಿ, ಆದರೂ ಎಲ್ಲವನ್ನೂ ಒಂದೇ ಮೇಜಿನ ಮೇಲೆ ಇಟ್ಟರೆ ಹನ್ನೆರಡು ಥರದ ಕೆಂಪು ಕಾಣುತ್ತದೆ. ಮಣ್ಣನ್ನು ಒಣಗಿಸಿ, ಕುಟ್ಟಿ, ಕಾಟನ್ ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ಇನ್ನೂ ನಯ ಬೇಕಾದರೆ ಒಂದು ಲೋಟ ನೀರಿಗೆ ಪುಡಿ ಹಾಕಿ ಕಲಕಿ, ಹತ್ತಕ್ಕೆ ಎಣಿಸಿ, ಮೇಲಿನ ಕೆಂಪು ನೀರನ್ನು ಮಾತ್ರ ಇನ್ನೊಂದು ಲೋಟಕ್ಕೆ ಬಗ್ಗಿಸಿ. ಮರಳು ಕೆಳಗೆ ಉಳಿಯುತ್ತದೆ. ಎರಡನೇ ಲೋಟವನ್ನು ಮಾರನೇ ದಿನದವರೆಗೆ ಅಲ್ಲಾಡಿಸದೆ ಇಡಿ. ಮೇಲಿನ ತಿಳಿ ನೀರು ಚೆಲ್ಲಿದರೆ ತಳದಲ್ಲಿ ಬೆಣ್ಣೆಯಂಥ ಬಣ್ಣ ಸಿಗುತ್ತದೆ.

ಅಂಟಿಗೆ ಜಾಲಿ ಮರದ ಅಂಟು ಅಥವಾ ಬೇವಿನ ಅಂಟು. ಒಂದು ಪಾಲು ಅಂಟಿಗೆ ಎರಡು ಪಾಲು ಬಿಸಿ ನೀರು ಹಾಕಿ ರಾತ್ರಿ ನೆನೆಸಿ, ಬೆಳಿಗ್ಗೆ ಸೋಸಿ. ಮಣ್ಣಿನ ಪೇಸ್ಟಿಗೆ ಸ್ವಲ್ಪ ಸ್ವಲ್ಪವೇ ಸೇರಿಸಿ ಅರೆಯಿರಿ. ಹಾಳೆಗೆ ಬಳಿದು ಒಣಗಿದ ಮೇಲೆ ಬೆರಳಲ್ಲಿ ಉಜ್ಜಿ ನೋಡಿ. ಬಣ್ಣ ಬೆರಳಿಗೆ ಬಂದರೆ ಅಂಟು ಕಡಿಮೆ. ಬಿರುಕು ಬಿಟ್ಟು ಚಕ್ಕೆ ಎದ್ದರೆ ಅಂಟು ಜಾಸ್ತಿ. ಅಳತೆ ಹೇಳಿಕೊಡಬೇಡಿ, ಮಕ್ಕಳೇ ಕಂಡುಕೊಂಡು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಲಿ.

ಕಪ್ಪಿಗೆ ಇದ್ದಿಲು. ಇದನ್ನು ನಾವು ಹಿಪ್ಪುನೇರಳೆ ಕಡ್ಡಿಯಲ್ಲೇ ಮಾಡುತ್ತೇವೆ. ಹುಳು ಸೊಪ್ಪು ತಿಂದು ಬಿಟ್ಟ ಕಡ್ಡಿ ಊರಲ್ಲಿ ರಾಶಿ ಬಿದ್ದಿರುತ್ತದೆ. ಪೆನ್ಸಿಲ್ ದಪ್ಪದ ಒಣ ಕಡ್ಡಿ ಆರಿಸಿ, ಸಿಪ್ಪೆ ಸುಲಿದು, ಹಳೆ ತಗಡಿನ ಡಬ್ಬದಲ್ಲಿ ಒತ್ತಾಗಿ ತುಂಬಿ. ಮುಚ್ಚಳಕ್ಕೆ ಮೊಳೆಯಲ್ಲಿ ಒಂದೇ ತೂತು ಹೊಡೆಯಿರಿ. ಸ್ನಾನದ ಹಂಡೆಯ ಒಲೆಯಲ್ಲಿ ಇಡಿ. ಇದು ದೊಡ್ಡವರ ಕೆಲಸ. ತೂತಿಂದ ಮೊದಲು ಬಿಳಿ ಹೊಗೆ ಬರುತ್ತದೆ. ಹೊಗೆ ಪೂರ್ತಿ ನಿಂತ ಮೇಲೆ ಡಬ್ಬ ತೆಗೆದು ಹಾಗೇ ಆರಲು ಬಿಡಿ. ಬಿಸಿ ಇರುವಾಗ ಮುಚ್ಚಳ ತೆಗೆದರೆ ಗಾಳಿ ಸೇರಿ ಎಲ್ಲಾ ಬೂದಿಯಾಗುತ್ತದೆ. ಆರಿದ ಮೇಲೆ ಒಳಗೆ ಕಡ್ಡಿ ಕಡ್ಡಿಯಾಗೇ ಕರಿ ಇದ್ದಿಲು ಇರುತ್ತದೆ. ಅದರಲ್ಲಿ ನೇರವಾಗಿ ಚಿತ್ರ ಬರೆಯಬಹುದು. ಮುರಿದದ್ದನ್ನು ಪುಡಿ ಮಾಡಿ ಕಪ್ಪು ಬಣ್ಣಕ್ಕೆ ಬಳಸಿ. ಬಿಳಿಗೆ ಕ್ಲಾಸಿನಲ್ಲಿ ಉಳಿದ ಸೀಮೆಸುಣ್ಣದ ತುಂಡು. ನೀಲಿ ಮಾತ್ರ ಸುಲಭಕ್ಕೆ ಸಿಗುವುದಿಲ್ಲ. ಬಟ್ಟೆಗೆ ಹಾಕುವ ನೀಲಿಪುಡಿಯನ್ನು ಅಂಟಿನ ಜೊತೆ ಕಲಸಿಕೊಳ್ಳುವುದೇ ಒಳ್ಳೇದು.

ಹಳದಿಯಲ್ಲಿ ಒಂದು ಆಟ ಇದೆ. ಅರಿಶಿನದ ನೀರಿಗೆ ಚೂರು ಸುಣ್ಣ ಸೇರಿಸಿದರೆ ಕೆಂಪಾಗುತ್ತದೆ. ಆರತಿ ನೀರನ್ನು ಮನೆಯಲ್ಲಿ ನೋಡಿದ ಮಕ್ಕಳಿಗೆ ಇದು ಹೊಸದಲ್ಲ, ಆದರೆ ಯಾಕೆ ಅಂತ ಯಾರೂ ಕೇಳಿರುವುದಿಲ್ಲ. ಸುಣ್ಣ ಕ್ಷಾರ, ಅರಿಶಿನದ ಬಣ್ಣ ಕ್ಷಾರಕ್ಕೆ ಕೆಂಪಾಗುತ್ತದೆ. ಮೇಲೆ ನಿಂಬೆರಸ ಹಿಂಡಿ, ಮತ್ತೆ ಹಳದಿ. ಕೆಂಪು ದಾಸವಾಳದ ರಸಕ್ಕೆ ನಿಂಬೆ ಹಾಕಿದರೆ ಗುಲಾಬಿ, ಅಡುಗೆ ಸೋಡಾ ಹಾಕಿದರೆ ಹಸಿರು ಕಡೆಗೆ ತಿರುಗುತ್ತದೆ. ಅರಿಶಿನ ಬಳಿದ ಹಾಳೆ ಮೇಲೆ ಸೋಡಾ ನೀರಿನಲ್ಲಿ ಕುಂಚ ಅದ್ದಿ ಬರೆದರೆ ಕೆಂಪು ಚಿತ್ರ ಏಳುತ್ತದೆ. ಸುಣ್ಣವನ್ನು ಟೀಚರ್ ಮಾತ್ರ ಮುಟ್ಟಲಿ, ಕಣ್ಣಿಗೆ ಬಿದ್ದರೆ ಅಪಾಯ. ಮಕ್ಕಳ ಕೈಗೆ ಸೋಡಾ ಸಾಕು.

ಇನ್ನು ಬಾಳಿಕೆ. ಮಣ್ಣು, ಇದ್ದಿಲು ವರ್ಷಾನುಗಟ್ಟಲೆ ಹಾಗೇ ಇರುತ್ತವೆ. ಅರಿಶಿನ ಬಿಸಿಲಿಗೆ ಮಾಸುತ್ತದೆ, ಬೀಟ್‌ರೂಟ್ ಕಂದಾಗುತ್ತದೆ, ಸೊಪ್ಪಿನ ಹಸಿರು ಕೆಲವೇ ದಿನದಲ್ಲಿ ಹೋಗುತ್ತದೆ. ಇದನ್ನೇ ಪ್ರಾಜೆಕ್ಟ್ ಮಾಡಿ. ಉದ್ದನೆ ಹಾಳೆಯಲ್ಲಿ ಎಲ್ಲಾ ಬಣ್ಣದ ಪಟ್ಟಿ ಎಳೆದು, ಅರ್ಧಕ್ಕೆ ರಟ್ಟು ಮುಚ್ಚಿ, ಬಿಸಿಲು ಬೀಳುವ ಕಿಟಕಿಗೆ 15 ದಿನ ಅಂಟಿಸಿ. ರಟ್ಟು ತೆಗೆದ ದಿನ ಎರಡು ಭಾಗದ ವ್ಯತ್ಯಾಸ ನೋಡಿ ಬರೆಯಲಿ.

ನಾನು ಒಂದು ವರ್ಷ ಹುಣಸೆ ಬೀಜದ ಗಂಜಿಯನ್ನು ಅಂಟಿಗೆ ಬಳಸಿದೆ. ಬಣ್ಣ ಚೆನ್ನಾಗಿ ಹಿಡಿಯಿತು. ಆದರೆ ಬೀರುವಿನಲ್ಲಿಟ್ಟ ಚಿತ್ರಗಳನ್ನು ಬೇಸಿಗೆ ರಜೆಯಲ್ಲಿ ಹುಳ ತಿಂದುಹಾಕಿತ್ತು. ಜೂನ್‌ನಲ್ಲಿ ಬೀರು ತೆಗೆದಾಗ ಮಕ್ಕಳ ಮುಖ ನೋಡಲಾಗಲಿಲ್ಲ. ಹಿರಿಯರು ಗಂಜಿಗೆ ಮೈಲುತುತ್ತ ಹಾಕುತ್ತಿದ್ದರು. ಅದು ವಿಷ, ಶಾಲೆಗೆ ಬೇಡ. ಗಂಜಿ ಬಳಸಿದರೆ ಚಿತ್ರವನ್ನು ಒಣ ಬೇವಿನ ಸೊಪ್ಪಿನ ಜೊತೆ ಇಟ್ಟು, ತಿಂಗಳಿಗೊಮ್ಮೆ ತೆಗೆದು ಬಿಸಿಲು ತೋರಿಸಿ.

ಕೆರೆ ಮಣ್ಣಿನ ಕೆಲಸ

ಗಣೇಶನ ಹಬ್ಬಕ್ಕೆ ಮುಂಚಿನ ತಿಂಗಳು ಇದಕ್ಕೆ ಹದವಾದ ಕಾಲ. ಪ್ರತಿಭಾ ಕಾರಂಜಿಯಲ್ಲಿ ಮಣ್ಣಿನ ಮಾದರಿ ಸ್ಪರ್ಧೆ ಇರುವುದರಿಂದ ಮಕ್ಕಳಿಗೂ ಉತ್ಸಾಹ.

ಒಣಗಿದ ಕೆರೆಯ ಗೋಡು ತನ್ನಿ. ಕೊಳಚೆ ನೀರು ಸೇರುವ ಕೆರೆ ಬೇಡ. ಮಣ್ಣು ಸರಿ ಇದೆಯಾ ಅಂತ ನೋಡುವುದು ಸುಲಭ: ಒದ್ದೆ ಮಾಡಿ ಬತ್ತಿ ಹೊಸೆದು ಬೆರಳಿಗೆ ಉಂಗುರದ ಹಾಗೆ ಸುತ್ತಿ. ಬಿರುಕು ಬಿಡದೆ ಸುತ್ತಿಕೊಂಡರೆ ಒಳ್ಳೆ ಮಣ್ಣು. ಮುರಿದರೆ ಮರಳು ಜಾಸ್ತಿ ಇದೆ. ಆಮೇಲೆ ಹೀಗೆ ಮಾಡಿ.

1. ಹೆಂಟೆಯನ್ನು ಪೂರ್ತಿ ಒಣಗಿಸಿ, ಕುಟ್ಟಿ, ಕಲ್ಲು ಬೇರು ಆರಿಸಿ. ಅರೆ ಒದ್ದೆ ಹೆಂಟೆ ನೀರಲ್ಲಿ ಬೇಗ ಕರಗುವುದಿಲ್ಲ, ಪೂರ್ತಿ ಒಣಗಿದ್ದು ತಾನಾಗೇ ಕರಗುತ್ತದೆ.
2. ಬಕೆಟ್‌ನಲ್ಲಿ ನೀರು ತುಂಬಿ ಎರಡು ದಿನ ನೆನೆಸಿ. ಕಲಕಿ, ಜರಡಿಯಲ್ಲಿ ಸೋಸಿ.
3. ಹಳೆ ಪಂಚೆಯಲ್ಲಿ ಗಂಟು ಕಟ್ಟಿ ನೇತುಹಾಕಿ. ನೀರು ಇಳಿದು ಚಪಾತಿ ಹಿಟ್ಟಿಗಿಂತ ಸ್ವಲ್ಪ ಗಟ್ಟಿಯಾದಾಗ ಇಳಿಸಿ.
4. ಚೆನ್ನಾಗಿ ನಾದಿ. ಉಂಡೆಯನ್ನು ದಾರದಲ್ಲಿ ಎರಡು ಹೋಳು ಮಾಡಿ ನೋಡಿ, ಒಳಗೆ ಗಾಳಿಯ ತೂತು ಕಂಡರೆ ಇನ್ನೂ ನಾದಬೇಕು.
5. ಒದ್ದೆ ಬಟ್ಟೆ ಸುತ್ತಿ ಪ್ಲಾಸ್ಟಿಕ್ ಕವರ್‌ನಲ್ಲಿ ಒಂದು ವಾರ ಇಟ್ಟರೆ ಇನ್ನೂ ಹದವಾಗುತ್ತದೆ.

ಮಕ್ಕಳು ಮಾಡುವ ಒಂದೇ ತಪ್ಪು ಅಂದರೆ ಕೈ, ಕಿವಿ, ಸೊಂಡಿಲನ್ನು ಸುಮ್ನೆ ಒತ್ತಿ ಅಂಟಿಸೋದು. ಒಣಗಿದ ಮೇಲೆ ಅದು ಉದುರುತ್ತದೆ. ಎರಡೂ ಕಡೆ ಕಡ್ಡಿಯಲ್ಲಿ ಗೀರು ಹಾಕಿ, ನೀರು ನೀರಾದ ಮಣ್ಣನ್ನು ಮಧ್ಯೆ ಸವರಿ, ಒತ್ತಿ, ಸಂದು ತೀಡಬೇಕು. ದಪ್ಪ ಹೆಬ್ಬೆರಳಿಗಿಂತ ಜಾಸ್ತಿ ಇರಬಾರದು. ದೊಡ್ಡ ಆಕಾರವಾದರೆ ಒಳಗೆ ಟೊಳ್ಳು ಮಾಡಬೇಕು. ನೆರಳಿನಲ್ಲಿ, ತೆಳು ಬಟ್ಟೆ ಹೊದಿಸಿ ನಿಧಾನವಾಗಿ ಒಣಗಿಸಬೇಕು. ಬಿಸಿಲಿಗೆ ಇಟ್ಟರೆ ಹೊರಗೆ ಒಣಗಿ ಒಳಗೆ ಹಸಿ ಉಳಿಯುತ್ತದೆ, ಬಿರುಕು ಗ್ಯಾರಂಟಿ.

ಸುಡಿಸುವ ಆಸೆ ಇದ್ದರೆ ಹತ್ತಿರದ ಕುಂಬಾರರನ್ನು ಕೇಳಿ. ನಾನೂ ಕೇಳಿದ್ದೆ. ಒಬ್ಬ ಹುಡುಗ ಮಾಡಿದ ಕುದುರೆಯನ್ನು ಹಠ ಮಾಡಿ ಆವಿಗೆಗೆ ಇಡಿಸಿದೆ. ಹೊಟ್ಟೆ ದಪ್ಪಗಿತ್ತು, ಒಳಗಿನ ಹಸಿ ಆರಿರಲಿಲ್ಲ. ಬೆಂಕಿಗೆ ಒಳಗಿನ ನೀರು ಆವಿಯಾಗಿ ಕುದುರೆ ಒಡೆಯಿತು, ಪಕ್ಕದಲ್ಲಿದ್ದ ಅವರ ಹಣತೆಗಳೂ ಹೋದವು. ಅವರು ಒಂದು ಮಾತೂ ಅನ್ನಲಿಲ್ಲ. "ಮೇಡಂ, ಮುಂದಿನ ಸಲ ಕೆಳಗೆ ಒಂದು ತೂತು ಬಿಡಿಸಿ, ಇನ್ನೂ ಎಂಟು ದಿನ ಒಣಗಲಿ" ಅಂದರು. ಅವತ್ತಿಂದ ನಮ್ಮ ಮಕ್ಕಳ ಎಲ್ಲಾ ಕುದುರೆ, ಬಸವನ ಹೊಟ್ಟೆಯಲ್ಲೂ ಒಂದು ತೂತು ಇರುತ್ತದೆ.

ನಂದಿ ದೇವಸ್ಥಾನದಲ್ಲಿ ಒಂದು ದಿನ

ಶಾಲೆಯಿಂದ ನಂದಿ ಬೆಟ್ಟಕ್ಕೆ ಕರೆದುಕೊಂಡು ಹೋಗುತ್ತಾರೆ. ಬೆಟ್ಟದ ಕೆಳಗೆ ನಂದಿ ಗ್ರಾಮದಲ್ಲಿರುವ ಭೋಗನಂದೀಶ್ವರ ದೇವಸ್ಥಾನಕ್ಕೆ ಅರ್ಧ ಗಂಟೆ ಕೊಟ್ಟು ಬಸ್ ಹತ್ತಿಸುತ್ತಾರೆ. ಅದನ್ನು ತಿರುಗಿಸಿ. ಇಡೀ ದಿನ ಕೆಳಗೇ ಇರಿ. ಅರುಣಾಚಲೇಶ್ವರ, ಭೋಗನಂದೀಶ್ವರ ಎಂಬ ಎರಡು ದೊಡ್ಡ ಗುಡಿ, ಮಧ್ಯೆ ಚಿಕ್ಕ ಉಮಾಮಹೇಶ್ವರ ಗುಡಿ, ಅದರ ಮುಂದೆ ಬಳ್ಳಿ, ಹಕ್ಕಿ ಕೆತ್ತಿದ ಕಂಬಗಳ ಕಲ್ಯಾಣ ಮಂಟಪ, ಆಚೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಶೃಂಗಿ ತೀರ್ಥ ಎಂಬ ಕಲ್ಯಾಣಿ. ಒಂಬತ್ತನೇ ಶತಮಾನದ ಶಾಸನದಲ್ಲೇ ಈ ದೇವಸ್ಥಾನದ ಮಾತು ಇದೆ. ಒಂದು ದಿನ ಕಡಿಮೆಯೇ.

ಹಿಂದಿನ ದಿನ ಕ್ಲಾಸಿನಲ್ಲಿ ಪ್ರತಿ ಮಗು ಮದುವೆ ಕಾರ್ಡಿನ ಮಧ್ಯೆ ಬೆಂಕಿಪೊಟ್ಟಣದಷ್ಟು ಕಿಟಕಿ ಕತ್ತರಿಸಿಕೊಳ್ಳಲಿ. ದೇವಸ್ಥಾನದಲ್ಲಿ ಅದನ್ನು ಒಂದು ಕಣ್ಣಿನ ಮುಂದೆ ಹಿಡಿದು ನೋಡಬೇಕು. ಇಡೀ ಗೋಪುರ ಬರೆಯಲು ಹೊರಟ ಮಗು ಹತ್ತು ನಿಮಿಷದಲ್ಲಿ ಸೋತು ಕೂರುತ್ತದೆ. ಕಿಟಕಿಯೊಳಗೆ ಕಂಡಷ್ಟು ಮಾತ್ರ ಬರೆಯಬೇಕು ಅಂದರೆ ಧೈರ್ಯ ಬರುತ್ತದೆ.

ನಾನು ಕೊಡುವ ಕೆಲಸ ಮೂರು. ಬೆಳಿಗ್ಗೆ, ಕಲ್ಯಾಣ ಮಂಟಪದ ಒಂದೇ ಒಂದು ಕಂಬದಲ್ಲಿ ಒಂದು ಬಳ್ಳಿ ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ ಅಂತ ಕಣ್ಣಲ್ಲೇ ಹಿಂಬಾಲಿಸಿ ಬರೆಯುವುದು. ಮಧ್ಯಾಹ್ನ, ಗೋಡೆಯ ಕಲ್ಲಿನ ಜಾಲಂಧ್ರ, ಅಂದರೆ ತೂತು ತೂತಿನ ಕಿಟಕಿ. ಕಲ್ಲನ್ನು ಬರೆಯದೆ ತೂತುಗಳ ಆಕಾರ ಮಾತ್ರ ಕಪ್ಪು ತುಂಬಿ ಬರೆಯಬೇಕು. ಕೊನೆಗೆ ಕಲ್ಲು ತಾನಾಗೇ ಬಿಳಿಯಾಗಿ ಉಳಿಯುತ್ತದೆ. ಸಂಜೆ, ಕಲ್ಯಾಣಿಯ ಮೆಟ್ಟಿಲು ಮತ್ತು ನೆರಳು. ದೂರದ ಮೆಟ್ಟಿಲು ಚಿಕ್ಕದಾಗಿ, ಹತ್ತಿರ ಹತ್ತಿರವಾಗಿ ಕಾಣುವುದನ್ನು ಪೆನ್ಸಿಲ್ ಹಿಡಿದ ಕೈ ಚಾಚಿ ಅಳೆದು ಬರೆಯಲಿ. ನೀರಿನ ಹತ್ತಿರ ಇಬ್ಬರು ದೊಡ್ಡವರು ನಿಂತಿರಲಿ.

ಕೆತ್ತನೆ ಮೇಲೆ ಹಾಳೆ ಇಟ್ಟು ಪೆನ್ಸಿಲ್ ಉಜ್ಜುವುದನ್ನು ಮಾಡಿಸಬೇಡಿ. ಇದು ಪುರಾತತ್ವ ಇಲಾಖೆ ಕಾಪಾಡುತ್ತಿರುವ ಜಾಗ. ಉಜ್ಜುವ ಆಸೆ ಇದ್ದರೆ ಮರದ ತೊಗಟೆ, ನಾಣ್ಯ, ಎಲೆ ಇವೆ. ಕೋಲಾರದವರು ಸೋಮೇಶ್ವರ ದೇವಸ್ಥಾನದಲ್ಲಿ, ತುಮಕೂರಿನವರು ಕೈದಾಳದ ಚೆನ್ನಕೇಶವ ದೇವಸ್ಥಾನದಲ್ಲಿ ಇದೇ ಮೂರು ಕೆಲಸವನ್ನು ಅಲ್ಲಲ್ಲಿಗೆ ಹೊಂದಿಸಿಕೊಳ್ಳಬಹುದು.

ಇನ್ನೂ ಮೂರು ಚಿಕ್ಕ ಕೆಲಸ

ತೂತು ಗೂಡು: ಚಿಟ್ಟೆ ಹೊರಬಂದ ಗೂಡು ನೂಲು ಬಿಚ್ಚಲು ಬರುವುದಿಲ್ಲ. ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಯಲ್ಲಿ ಅಥವಾ ಪರಿಚಯದ ರೈತರಲ್ಲಿ ಕೇಳಿದರೆ ಒಂದಷ್ಟು ಸಿಗುತ್ತದೆ. ಮಿಶ್ರತಳಿ ಹುಳುವಿನ ಗೂಡು ಹಳದಿ, ಬೈವೋಲ್ಟೀನ್ ತಳಿಯದು ಬಿಳಿ. ಬಿಳಿ ಗೂಡನ್ನು ಅರಿಶಿನದ ಬಿಸಿ ನೀರಲ್ಲಿ ಅದ್ದಿಡಿ. ಕುದಿಯುವ ನೀರು ಬೇಡ, ಗೂಡಿನ ಅಂಟು ಕರಗಿ ಮೆತ್ತಗಾಗಿ ಆಕಾರ ಕೆಡುತ್ತದೆ. ಒಣಗಿದ ಮೇಲೆ ಸಣ್ಣ ಕತ್ತರಿಯಲ್ಲಿ ಉದ್ದಕ್ಕೆ ಸೀಳಿದರೆ ಹೂವಿನ ಎಸಳು. ಅಡ್ಡ ಕತ್ತರಿಸಿದರೆ ಬಟ್ಟಲು. ಬಾಗಿಲ ತೋರಣ, ಹಾರ ಎಲ್ಲ ಆಗುತ್ತದೆ. ಒಳಗೆ ಜೀವ ಇರುವ ಗೂಡನ್ನು ಕತ್ತರಿಸಬಾರದು ಅಂತ ಒಂದು ಮಾತು ಹೇಳಿ. ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗಿನ ಕೋಶ ಟಕ್ ಟಕ್ ಅನ್ನುತ್ತದೆ.

ಎಲೆ ಅಚ್ಚು: ಹಿಪ್ಪುನೇರಳೆ ಎಲೆಯ ಹಿಂಬದಿಗೆ ಮಣ್ಣಿನ ಬಣ್ಣ ತೆಳ್ಳಗೆ ಬಳಿದು, ಹಾಳೆ ಮೇಲಿಟ್ಟು, ಪೇಪರ್ ಮುಚ್ಚಿ ಅಂಗೈಯಲ್ಲಿ ಒತ್ತಿ. ನರ ಎಲ್ಲ ಮೂಡುತ್ತದೆ. ಹಳೆ ಮೈಸೂರು ತಳಿಯ ಎಲೆಗೆ ಸೀಳು ಇರುತ್ತದೆ, ವಿ-1 ತಳಿಯದು ಅಗಲ, ಸೀಳಿಲ್ಲ. ಎರಡನ್ನೂ ಪಕ್ಕದಲ್ಲಿಟ್ಟು ವಿನ್ಯಾಸ ಮಾಡಲಿ. ಇದು ಒಂದೇ ಪೀರಿಯಡ್‌ನಲ್ಲಿ ಮುಗಿಯುತ್ತದೆ.

ಅಜ್ಜಿಯ ರಂಗೋಲಿ: ಮನೆಯ ಹಿರಿಯರಿಂದ ಐದು ಬೇರೆ ಬೇರೆ ಚುಕ್ಕಿ ರಂಗೋಲಿ ಕಲಿತು ನೋಟ್‌ಬುಕ್‌ನಲ್ಲಿ ಇಡಬೇಕು. ಎಷ್ಟು ಚುಕ್ಕಿ, ಯಾವ ಹಬ್ಬಕ್ಕೆ, ಅವರಿಗೆ ಯಾರು ಕಲಿಸಿದ್ದು ಅಂತ ಬರೆಯಬೇಕು. ಆರನೆಯದನ್ನು ಮಗು ತಾನೇ ಕಟ್ಟಬೇಕು. ಹುಡುಗರಿಗೂ ಕಡ್ಡಾಯ. ಗಣಿತದ ಟೀಚರ್ ಇದರಲ್ಲೇ ಸಮಮಿತಿ ಪಾಠ ಮಾಡಬಹುದು.

ಅಂಕ ಹೇಗೆ ಕೊಡುವುದು

ಚೆನ್ನಾಗಿ ಕಾಣುವ ಚಿತ್ರಕ್ಕೆ ಜಾಸ್ತಿ ಅಂಕ ಕೊಟ್ಟರೆ ಮುಂದಿನ ಸಲ ಅಕ್ಕ ಬರೆದ ಚಿತ್ರ ಬರುತ್ತದೆ. ಅದಕ್ಕೆ ನಾನು 20ರಲ್ಲಿ ಹೀಗೆ ಹಂಚುತ್ತೇನೆ: ಡೈರಿಗೂ ಕೆಟ್ಟುಹೋದ ಪ್ರಯತ್ನಗಳಿಗೂ ಸೇರಿ 8, ಮಗು ತಾನೇ ಕಂಡುಕೊಂಡ ಹೊಸ ವಿಷಯಕ್ಕೆ 5, ಕೊನೆಯ ಕೆಲಸಕ್ಕೆ 4, ಮಾತಿಗೆ 3. ಮಾತು ಅಂದರೆ ಪ್ರತಿ ಮಗುವನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಎರಡು ನಿಮಿಷ ಕೇಳುವ ಮೂರು ಪ್ರಶ್ನೆ. ಎಲ್ಲಿ ಕಷ್ಟ ಆಯಿತು? ಏನು ಬದಲಾಯಿಸಿದೆ? ಇನ್ನೊಂದು ಸಲ ಮಾಡಿದರೆ ಹೇಗೆ ಮಾಡುತ್ತೀಯ? ಬೇರೆಯವರ ಹತ್ತಿರ ಮಾಡಿಸಿದ ಮಗುವಿಗೆ ಮೊದಲ ಪ್ರಶ್ನೆಗೇ ಉತ್ತರ ಇರುವುದಿಲ್ಲ. ಬೈಯಬೇಡಿ. ಇನ್ನೊಂದು ವಾರ ಕೊಟ್ಟು, ಶಾಲೆಯಲ್ಲೇ ಕೂರಿಸಿ ಮಾಡಿಸಿ.

ತಂದೆ ತಾಯಿಗೆ ಒಂದು ಮಾತು. ಸಾಮಾನು ಹುಡುಕಿಕೊಡಿ, ಒಲೆಯ ಕೆಲಸ ನೀವೇ ಮಾಡಿ, ಪಕ್ಕದಲ್ಲಿ ಕೂತು ನೋಡಿ. ಪೆನ್ಸಿಲ್ ಮಾತ್ರ ಮಗುವಿನ ಕೈಯಲ್ಲೇ ಇರಲಿ.

ಎಲ್ಲ ಮುಗಿದ ಮೇಲೆ ಪ್ರದರ್ಶನ ಇಡಿ. ಬರೀ ಹತ್ತು ಒಳ್ಳೆ ಚಿತ್ರ ಆರಿಸಿ ಹಾಕಬೇಡಿ, ಪ್ರತಿ ಮಗುವಿನದೂ ಒಂದು ಇರಲಿ. ಕಾರಿಡಾರ್‌ನಲ್ಲಿ ಗೋಣಿದಾರ ಕಟ್ಟಿ, ಬಟ್ಟೆ ಒಣಹಾಕುವ ಕ್ಲಿಪ್‌ನಲ್ಲಿ ಸಿಕ್ಕಿಸಿ, ಮಕ್ಕಳ ಕಣ್ಣಿನ ಎತ್ತರಕ್ಕೆ. ಡೈರಿಗಳನ್ನು ಬೆಂಚಿನ ಮೇಲೆ ತೆರೆದಿಡಿ. ಮಳೆಗಾಲದಲ್ಲಿ ಇಟ್ಟರೆ ಹಾಳೆ ಮೆತ್ತಗಾಗಿ ಬೂಸ್ಟು ಹಿಡಿಯುತ್ತದೆ. ಡಿಸೆಂಬರ್ ಕೊನೆ ಒಳ್ಳೇದು, ಅವರೆಕಾಯಿ ಕಾಲ, ಬಿಸಿಲೂ ಹಿತವಾಗಿರುತ್ತದೆ. ಸಂಜೆ ನಾಲ್ಕರ ಮೇಲೆ ಇಡಿ, ಸೊಪ್ಪು ಹಾಕಿ ಮುಗಿಸಿದ ಅಮ್ಮಂದಿರಿಗೂ ಬಂದು ನೋಡೋದಕ್ಕೆ ಬಿಡುವಾಗುತ್ತದೆ.